ಬೀರು ಬಾಗಿಲಿನ ಗೆರೆಗಳು

ತೂಕ ಮತ್ತು ಅಳತೆ ಇಲಾಖೆಯ ಗುಮಾಸ್ತರು ತಮ್ಮ ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಏನನ್ನೂ ತೂಗಿದವರಲ್ಲ, ಏನನ್ನೂ ಅಳೆದವರಲ್ಲ. ಆ ಕೆಲಸಕ್ಕೆ ಇನ್‌ಸ್ಪೆಕ್ಟರ್ ಇದ್ದರು. ಇನ್‌ಸ್ಪೆಕ್ಟರು ಅಂಗಡಿಗೆ ಹೋಗಿ ತಕ್ಕಡಿಯಲ್ಲಿ ಕೊರತೆ ಕಂಡುಹಿಡಿದು ಬಂದರೆ, ಆ ಕೊರತೆಯ ಬಗ್ಗೆ ಮೂರು ಪ್ರತಿಗಳಲ್ಲಿ ಕಾಗದ ಬರೆಯುವುದು ಗುಮಾಸ್ತರ ಪಾಲಿಗೆ ಬಂದಿತ್ತು. ಆದ್ದರಿಂದ ಅವರು ಒಂದು ಶನಿವಾರ ಬೆಳಗ್ಗೆ ತಮ್ಮ ಮನೆಯ ಮುಂದೆ ನಲವತ್ಮೂರು ಜನರನ್ನು ಸಾಲಾಗಿ ನಿಲ್ಲಿಸಿಕೊಂಡು ಒಬ್ಬೊಬ್ಬರನ್ನಾಗಿ ಅಳೆದರು ಎಂದರೆ, ಅದಕ್ಕೆ ಬಲವಾದ ಕಾರಣವೇ ಇರಬೇಕು. ಕಾರಣ, ಒಂದು ಬೀರು.

ಬೀರು ಅತ್ತೆಯದು. ಹಳೆಯ ಮನೆ ಬಿಟ್ಟು ಚಿಕ್ಕ ಮಗಳ ನಾಲ್ಕನೇ ಮಹಡಿಯ ಮನೆಗೆ ಹೋಗುವಾಗ ಅತ್ತೆ ಅದನ್ನೂ ಕರೆದುಕೊಂಡೇ ಹೋದರು. ಆದರೆ ಬೀರು ಎರಡನೇ ಮಹಡಿಯ ತಿರುವಿನಲ್ಲಿ ಅತ್ತಲೂ ಹೋಗದೆ ಇತ್ತಲೂ ಬಾರದೆ ಒಂದು ಮಧ್ಯಾಹ್ನವೆಲ್ಲ ನಿಂತುಬಿಟ್ಟಿತು. ಆ ಹೊತ್ತಿನಲ್ಲಿ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಉಳಿದರು. ಸಂಜೆ ಅದನ್ನು ಇಳಿಸಿ, ನೆಲಮಹಡಿಯಲ್ಲಿ ಮನೆಯಿರುವ ಏಕೈಕ ಸಂಬಂಧಿಕರಾದ ಗುಮಾಸ್ತರ ಮನೆಗೆ ತಂದು ಬಿಟ್ಟರು. ನಾಲ್ಕು ತಿಂಗಳಿಂದ ಅದು ಓಣಿಯಂಥ ನಡುವಿನ ಜಾಗದಲ್ಲಿ, ತಲೆಯ ಮೇಲೆ ಹಳೆಯ ಪೇಪರುಗಳನ್ನೂ ಹೊಟ್ಟೆಯಲ್ಲಿ ಮುರಿದ ಛತ್ರಿಗಳನ್ನೂ ಇಟ್ಟುಕೊಂಡು ನಿಂತಿತ್ತು. ಅದರ ಬಗ್ಗೆ ಯಾರಿಗೂ ಯಾವ ಯೋಚನೆಯೂ ಇರಲಿಲ್ಲ.

ಯೋಚನೆ ಬಂದದ್ದು ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರಿಂದ. ಅವರು ತಮ್ಮ ಅಜ್ಜನ ಬರೆಯುವ ಮೇಜಿಗೆ ಪಾಲಿಶ್ ಹೊಡೆಸಿ, ಹಜಾರದ ನಡುವೆ ಇರಿಸಿ, ಅದರ ಮೇಲೆ ಅಜ್ಜನ ಕನ್ನಡಕ, ಅಜ್ಜನ ಮಸಿಕುಡಿಕೆ, ಅಜ್ಜನ ಕೋಲು ಇಷ್ಟನ್ನೂ ಜೋಡಿಸಿ, ದಾರಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆಯುತ್ತಿದ್ದರು. ಹಾಲಿನ ಪ್ಯಾಕೆಟ್ ತರಲು ಹೊರಟಿದ್ದ ಗುಮಾಸ್ತರನ್ನೂ ಕರೆದರು.

"ಮುಟ್ಟಿ ನೋಡಿ," ಅಂದರು ಮ್ಯಾನೇಜರು.

ಗುಮಾಸ್ತರು ಮುಟ್ಟಿ ನೋಡಿದರು.

"ಏನನ್ಸುತ್ತೆ?"

"ಮೇಜು ಅನ್ಸುತ್ತೆ."

"ಅದಲ್ಲ. ಮೂರು ತಲೆಮಾರು ಕೈ ಆಡಿಸಿರೋ ಮರ. ಇಂಥದ್ದೊಂದು ಮನೇಲಿದ್ರೆ ಮನೆಗೆ ಒಂದು ತೂಕ." ಮ್ಯಾನೇಜರು ಸ್ವಲ್ಪ ಕನಿಕರದಿಂದ ಕೇಳಿದರು, "ನಿಮ್ಮ ಕಡೆ ಹಳೇದು ಅಂತ ಏನೂ ಇಲ್ವೇನೋ ಅಲ್ವಾ?"

ತೂಕದ ಇಲಾಖೆಯವರಿಗೆ ಬೇರೆಯವರು ತೂಕದ ಮಾತು ಆಡಿದರೆ ಸಹಿಸುವುದು ಕಷ್ಟ. "ನಮ್ಮಲ್ಲಿ ಬೀರು ಇದೆ," ಅಂದರು ಗುಮಾಸ್ತರು. "ನೂರು ವರ್ಷದ್ದು. ಈ ವಾರ ಅದನ್ನ ಹೊಸದು ಮಾಡ್ತಿದೀನಿ. ನಾನೇ. ಕೈಯಾರೆ."

ಬೀರುವಿಗೆ ನೂರು ವರ್ಷವೆಂಬುದೂ ತಾವು ಅದನ್ನು ಕೈಯಾರೆ ಹೊಸದು ಮಾಡುತ್ತಿರುವುದೂ ಗುಮಾಸ್ತರಿಗೆ ಆ ಕ್ಷಣದಲ್ಲೇ ಗೊತ್ತಾದದ್ದು. ಆದರೆ ಮಾತು ಆಡಿ ಆಗಿತ್ತು. ಅನುಕೂಲಕ್ಕೆ ಸರಿಯಾಗಿ, ಶಾಲೆಯಲ್ಲಿ ಪಾಠ ಹೇಳುವ ಅವರ ಹೆಂಡತಿ ಅಂದೇ ಹತ್ತು ದಿನದ ತರಬೇತಿಗೆಂದು ಬೇರೆ ಊರಿಗೆ ಹೊರಟಿದ್ದರು. ಹೊರಡುವಾಗ ಗಿಡಕ್ಕೆ ನೀರು ಹಾಕಿ ಅಂದರು, ಗ್ಯಾಸ್ ಆಫ್ ಮಾಡೋದು ಮರೀಬೇಡಿ ಅಂದರು, ಬಟ್ಟೆ ಮೇಲೆ ಬಟ್ಟೆ ಒಣಹಾಕಬೇಡಿ ಅಂದರು. ಬೀರುವಿನ ತಂಟೆಗೆ ಹೋಗಬೇಡಿ ಎಂದು ಹೇಳಲಿಲ್ಲ. ಗುಮಾಸ್ತರು ಅದನ್ನು ಮೌನ ಸಮ್ಮತಿ ಎಂದು ನಮೂದಿಸಿಕೊಂಡರು.

ಹಾರ್ಡ್‌ವೇರ್ ಅಂಗಡಿಯವನು ಕೇಳಿದ, "ಸ್ಯಾಂಡ್ ಪೇಪರ್ ಯಾವ ನಂಬರ್ ಬೇಕು ಸಾರ್?"

"ಎಷ್ಟು ನಂಬರ್ ಇದಾವೆ?"

"ಬೇಕಾದಷ್ಟಿದಾವೆ."

"ಎಲ್ಲಾ ಕೊಡಿ."

ಮೂರು ದಿನ ರಜೆ ಹಾಕಿ ಗುಮಾಸ್ತರು ಉಜ್ಜಿದರು. ಮೊದಲನೇ ದಿನ ಬೀರುವಿನ ಬಣ್ಣಕ್ಕಿಂತ ಗುಮಾಸ್ತರ ಬಣ್ಣವೇ ಹೆಚ್ಚು ಬದಲಾಯಿತು. ಮನೆಯ ಪ್ರತಿಯೊಂದು ವಸ್ತುವಿನ ಮೇಲೂ ಕಂದು ಹುಡಿ ಕೂತು, ತೊಳೆದಿಟ್ಟ ಲೋಟದಲ್ಲಿ ನೀರು ಕುಡಿದರೂ ವಾರ್ನಿಶ್ ಕುಡಿದ ಹಾಗಾಗುತ್ತಿತ್ತು. ಎರಡನೇ ದಿನ ಮರ ಕಾಣಿಸಿತು. ನಿಜಕ್ಕೂ ಒಳ್ಳೆಯ ಮರ. ಜೇನಿನ ಬಣ್ಣ, ಉದ್ದಕ್ಕೂ ಹರಿದ ಸಣ್ಣ ಸಣ್ಣ ಎಳೆ. ಗುಮಾಸ್ತರು ಹಿಗ್ಗಿ, ಹೊರಮೈ ಮುಗಿಸಿದವರು ಒಳಮೈಗೂ ಕೈ ಹಾಕಿದರು.

ಬಲಬಾಗಿಲಿನ ಒಳಗಡೆ ಯಾರೋ ಗೀಚಿದ್ದರು. ಅಡ್ಡಡ್ಡಕ್ಕೆ ಒಂದರ ಮೇಲೊಂದು ಪೆನ್ಸಿಲ್ ಗೆರೆಗಳು, ಕೆಲವು ನೀಲಿ ಮಸಿಯವು, ಪಕ್ಕದಲ್ಲಿ ಒಂದೊಂದು ಅಕ್ಷರ, ಒಂದೊಂದು ಅಂಕಿ. ಬೀರು ಮಾಡಿದ ಬಡಗಿ ಹಾಕಿದ ಗುರುತು ಎಂದು ಗುಮಾಸ್ತರು ತೀರ್ಮಾನಿಸಿದರು. ಅಂಕಿಯ ಮುಂದೆ ಅಡಿಯೋ ಇಂಚೋ ಒಂದೂ ಬರೆದಿರಲಿಲ್ಲ. ಏಕಮಾನ ಬರೆಯದ ಅಳತೆ ಅಳತೆಯೇ ಅಲ್ಲ ಎಂದು ಎಷ್ಟೋ ಅಂಗಡಿಯವರಿಗೆ ಕಾಗದ ಬರೆದಿದ್ದ ಅವರು, ಇದನ್ನು ಕಂಡು ವಿಶೇಷ ಆಸಕ್ತಿ ವಹಿಸಿದರು. ಒರಟು ಪೇಪರಿನಿಂದ ಒಂದು ಸಲ, ನಡುವಿನದರಿಂದ ಒಂದು ಸಲ, ನಯದ್ದರಿಂದ ಒಂದು ಸಲ. ಇಡೀ ಬೀರುವಿನಲ್ಲಿ ಅಷ್ಟು ಚೊಕ್ಕಟವಾಗಿ ಆದ ಜಾಗ ಇನ್ನೊಂದಿರಲಿಲ್ಲ.

ಗುರುವಾರ ಪಾಲಿಶ್ ಒಣಗಿತು. ಮ್ಯಾನೇಜರು ಬಂದು ನೋಡಿ, ಮುಟ್ಟಿ, "ಪರವಾಗಿಲ್ಲ," ಅಂದರು. ಅವರ ಮುಖ ನೋಡಿದರೆ ಪರವಾಗಿತ್ತು ಎಂದು ಗೊತ್ತಾಗುತ್ತಿತ್ತು. ಗುಮಾಸ್ತರು ಆ ಸಂತೋಷದಲ್ಲಿರುವಾಗಲೇ ಹೆಂಡತಿಯ ಫೋನ್ ಬಂತು.

"ಅಮ್ಮನ ಕಣ್ಣಿನ ಕಟ್ಟು ಬಿಚ್ಚಿದಾರೆ ಕಣ್ರೀ. ಪೊರೆ ಪೂರ್ತಿ ಹೋಗಿದೆಯಂತೆ. ಎರಡು ವರ್ಷ ಆದ್ಮೇಲೆ ಎಲ್ಲ ಸ್ಪಷ್ಟ ಕಾಣ್ತಿದೆಯಂತೆ."

"ಒಳ್ಳೇದಾಯ್ತು."

"ಭಾನುವಾರ ನಮ್ಮನೇಗೆ ಬರ್ತಾರೆ. ನಾನೂ ಅವತ್ತು ಬೆಳಗ್ಗೆ ಬಂದ್ಬಿಡ್ತೀನಿ. ಬಂದ ತಕ್ಷಣ ಬೀರು ನೋಡಬೇಕಂತೆ."

"ನೋಡ್ಲಿ, ನೋಡ್ಲಿ," ಅಂದರು ಗುಮಾಸ್ತರು ಮುಗುಳ್ನಗುತ್ತ. "ನೋಡೋ ಹಾಗೇ ಇದೆ."

"ಹೊರಗಡೆ ಅಲ್ಲ. ಒಳಗಡೆ ಬಾಗಿಲು. ನಾವು ನಾಲ್ಕು ಜನ ಚಿಕ್ಕವರಿದ್ದಾಗ ಹುಟ್ಟಿದ ದಿನ ಬಂತು ಅಂದ್ರೆ ಅಮ್ಮ ಆ ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು ಗೆರೆ ಹಾಕ್ತಿದ್ರು. ಎಲ್ಲರದೂ ಇದೆ ಅದರಲ್ಲಿ. ಕಣ್ಣು ಬಂದ್ರೆ ಮೊದಲು ಅದನ್ನ ನೋಡ್ಬೇಕು ಅಂತ ಹೇಳ್ತಾನೇ ಇದ್ರು."

ಗುಮಾಸ್ತರು ಬಾಗಿಲಿನ ಕಡೆ ನೋಡಿದರು. ಬಾಗಿಲು ಹೊಳೆಯುತ್ತಿತ್ತು. ಅದರಲ್ಲಿ ಅವರ ಮುಖವೂ ಸ್ವಲ್ಪ ಕಾಣುತ್ತಿತ್ತು.

"ಇದೀರಾ?"

"ಇದೀನಿ."

"ಗೆರೆ ಎಲ್ಲ ಹಾಗೇ ಇದೆ ತಾನೇ?"

"ಎಲ್ಲಿಗೆ ಹೋಗುತ್ತೆ," ಅಂದರು ಗುಮಾಸ್ತರು. ಇದನ್ನು ಸುಳ್ಳು ಎನ್ನುವ ಹಾಗಿಲ್ಲ. ಗೆರೆಗಳು ಎಲ್ಲಿಗೂ ಹೋಗಿರಲಿಲ್ಲ. ಮೂಲೆಯಲ್ಲಿ ಕಸದ ಮೊರದೊಳಗೆ ಹುಡಿಯಾಗಿ ಇದ್ದವು.

ಬಡಗಿಯನ್ನು ಕರೆಸಿ ಕೇಳಿದರು. ಬಡಗಿ ಬಾಗಿಲನ್ನು ಬೆರಳಿನಿಂದ ತಟ್ಟಿ, "ತೆಗೆದಿದ್ದನ್ನ ವಾಪಸ್ ಹಾಕಕ್ಕೆ ಬರಲ್ಲ ಸಾರ್," ಅಂದ. "ಆದ್ರೆ ಉಜ್ಜಿರೋದು ಚೆನ್ನಾಗಿದೆ. ನಮ್ಮ ಹತ್ರ ಕೆಲಸಕ್ಕೆ ಬರೋರು ಇಷ್ಟು ಉಜ್ಜಲ್ಲ."

ಶುಕ್ರವಾರ ಗುಮಾಸ್ತರು ಆಫೀಸಿಗೆ ಹೋಗಿ, ಸ್ಟೋರಿನ ಕಪಾಟಿನಿಂದ ಇಲಾಖೆಯ ಮುದ್ರೆ ಇರುವ ಉಕ್ಕಿನ ಟೇಪನ್ನು ಸಹಿ ಮಾಡಿ ತೆಗೆದುಕೊಂಡರು. ಯಾವ ಉದ್ದೇಶಕ್ಕೆ ಎಂಬ ಕಡೆ 'ಮರು ಅಳತೆ' ಎಂದು ಬರೆದರು. ಅವರ ಯೋಜನೆ ಸರಳವಾಗಿತ್ತು. ಗೆರೆ ಅಳಿಸಿದ್ದರೂ ಆ ಗೆರೆಗಳಿಗೆ ನಿಂತ ತಲೆಗಳು ಇನ್ನೂ ಇದ್ದವು. ತಲೆಗಳನ್ನು ಕೇಳಿ ಗೆರೆಗಳನ್ನು ಮತ್ತೆ ಎಳೆಯುವುದು.

ಮೊದಲು ಹೋದದ್ದು ದೊಡ್ಡ ಭಾವನ ಔಷಧಿ ಅಂಗಡಿಗೆ. ಹೆಂಡತಿಯ ಈ ದೊಡ್ಡಣ್ಣ ಐವತ್ತೈದು ದಾಟಿದವರು, ಗಂಭೀರ ಮನುಷ್ಯ, ತಲೆನೋವಿನ ಮಾತ್ರೆಯನ್ನು ಕೊಡುವಾಗಲೂ ಕೆಟ್ಟ ಸುದ್ದಿ ಹೇಳುವವರ ಹಾಗೆ ಕೊಡುವವರು.

"ಭಾವ, ಹತ್ತನೇ ವರ್ಷದಲ್ಲಿ ನೀವು ಎಷ್ಟೆತ್ತರ ಇದ್ರಿ?"

ಭಾವ ಮಾತ್ರೆ ಕತ್ತರಿಸುವುದನ್ನು ನಿಲ್ಲಿಸಿದರು. "ಯಾರು ಕೇಳಿದ್ದು?"

"ನಾನೇ."

"ನನ್ನ ತಮ್ಮ ಕಳಿಸಿದ್ನಾ?"

"ಇಲ್ಲ ಭಾವ. ಸುಮ್ಮನೆ, ಒಂದು ದಾಖಲೆಗೆ."

ದಾಖಲೆ ಎಂದದ್ದೇ ತಪ್ಪಾಯಿತು. ಭಾವ ಕನ್ನಡಕ ಸರಿಮಾಡಿಕೊಂಡು ಕೌಂಟರಿನ ಹೊರಗೆ ಬಂದರು. "ಅವನೇ ಕಳಿಸಿರೋದು. ಪರವಾಗಿಲ್ಲ, ಬರ್ಕೊಳ್ಳಿ. ನಾಲ್ಕಡಿ ಎಂಟಿಂಚು. ಆಗ ಅವನು ನನ್ನ ಹೆಗಲಿಗೂ ಬರ್ತಿರಲಿಲ್ಲ. ಅದನ್ನೂ ಬರ್ಕೊಳ್ಳಿ."

ತಮ್ಮ, ಅಂದರೆ ಚಿಕ್ಕ ಭಾವ, ಎರಡು ಬೀದಿ ಆಚೆ ಟೈಲರ್ ಅಂಗಡಿ ಇಟ್ಟಿದ್ದರು. ಗುಮಾಸ್ತರು ಹೋಗುವಷ್ಟರಲ್ಲಿ ಅವರಿಗೆ ಸುದ್ದಿ ಮುಟ್ಟಿತ್ತು. ಕತ್ತಿನಲ್ಲಿ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು.

"ನಾಲ್ಕು ಎಂಟು ಅಂದನಾ?" ಪಿನ್ನು ತೆಗೆದು ಕೇಳಿದರು. "ನಾಲ್ಕು ಎಂಟು ಇದ್ದಿದ್ದು ನಾನು. ಅದೂ ಎಂಟನೇ ವರ್ಷಕ್ಕೆ. ನೋಡಿ, ನಾನು ಮೂವತ್ತು ವರ್ಷದಿಂದ ಜನರ ಅಳತೆ ತಗೋತಿದೀನಿ. ಬರೀ ಕಣ್ಣಲ್ಲಿ ನೋಡಿ ಪ್ಯಾಂಟ್ ಹೊಲೀತೀನಿ. ನನ್ನ ಅಳತೆ ನನಗೆ ಗೊತ್ತಿಲ್ವಾ?"

"ಹಾಗಾದ್ರೆ ಹತ್ತನೇ ವರ್ಷಕ್ಕೆ?"

"ಐದಡಿ. ಬೇಕಾದ್ರೆ ಅಮ್ಮನ ಬೀರು ನೋಡಿ. ಬಾಗಿಲಲ್ಲೇ ಇದೆ."

ಗುಮಾಸ್ತರು ಬೇರೆ ಕಡೆ ನೋಡಿದರು.

ಸಂಜೆಯೊಳಗೆ ದೊಡ್ಡ ಭಾವನ ಫೋನ್ ಬಂತು: ಸರಿಯಾಗಿ ನೆನಪು ಮಾಡಿಕೊಂಡರೆ ಅದು ಐದಡಿ ಎರಡಿಂಚು. ಅರ್ಧ ಗಂಟೆಗೆ ಚಿಕ್ಕ ಭಾವ: ತಮ್ಮದು ಐದು ನಾಲ್ಕು, ಶೂ ಇಲ್ಲದೆ. ಶನಿವಾರ ಬೆಳಗ್ಗೆ ದೊಡ್ಡ ಭಾವ ಹತ್ತನೇ ವಯಸ್ಸಿನಲ್ಲೇ ಐದಡಿ ಒಂಬತ್ತಿಂಚಿಗೆ ಮುಟ್ಟಿದ್ದರು. ಈಗಿನದಕ್ಕಿಂತ ಅದು ಒಂದಿಂಚು ಜಾಸ್ತಿ. ಗುಮಾಸ್ತರು ಎಲ್ಲವನ್ನೂ ತಾರೀಖು, ಸಮಯ ಹಾಕಿ ತಿದ್ದುಪಡಿ ಎಂದು ಬರೆದುಕೊಂಡರು. ಉಳಿದದ್ದು ನಾದಿನಿ. ಅತ್ತೆ ಇರುವುದು ಅವಳ ಮನೆಯಲ್ಲೇ ಆದ್ದರಿಂದ ಗುಮಾಸ್ತರು ಪಿಸುಮಾತಿನಲ್ಲಿ ಕೇಳಿದರು. ಅವಳೂ ಪಿಸುಮಾತಿನಲ್ಲೇ ಹೇಳಿದಳು: "ನಂಗೆ ಜ್ಞಾಪಕ ಇಲ್ಲ ಭಾವ. ಎಷ್ಟಾದ್ರೂ ಹಾಕಿ. ಅಣ್ಣಂದಿರಿಬ್ಬರಿಗಿಂತ ಒಂದಿಂಚು ಮೇಲಿದ್ರೆ ಸಾಕು."

ಬೀರುವಿನ ಬಾಗಿಲೇ ಇದ್ದದ್ದು ಆರಡಿ. ಸ್ವಲ್ಪ ಹೆಚ್ಚುಕಡಿಮೆಯಾದರೂ ಅತ್ತೆಯ ಮಕ್ಕಳು ಬೀರು ಮೀರಿ ಸೂರಿಗೆ ತಾಗುವ ಹಾಗೆ ಕಂಡಿತು.

ಹತ್ತು ವರ್ಷದ ಮಗು ಸಾಮಾನ್ಯವಾಗಿ ಎಷ್ಟೆತ್ತರ ಇರುತ್ತದೆ ಎಂದು ಖಚಿತಪಡಿಸಿಕೊಳ್ಳಲು ಗುಮಾಸ್ತರು ಎದುರುಮನೆಗೆ ಹೋದರು. ಮ್ಯಾನೇಜರ ಮೊಮ್ಮಗಳಿಗೆ ಹತ್ತು ವರ್ಷ. ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದರು. ನಾಲ್ಕಡಿ ನಾಲ್ಕಿಂಚು.

ಮ್ಯಾನೇಜರು ಟೇಪಿನ ಮೇಲಿನ ಮುದ್ರೆಯನ್ನು ಓದಿದರು. "ಇಲಾಖೆ ಕೆಲಸವಾ?"

"ಹೂಂ, ಒಂದು ಥರ," ಅಂದರು ಗುಮಾಸ್ತರು. ಇನ್ನೇನು ಹೇಳಿದ್ದರೂ ಬೀರುವಿನ ವಿಷಯ ಹೊರಬರುತ್ತಿತ್ತು.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದ ಮನುಷ್ಯನ ಮುಂದೆ ಸರಕಾರಿ ಕೆಲಸ ನಡೆಯುತ್ತಿದ್ದು ಅಲ್ಲಿ ಕ್ಯೂ ಇಲ್ಲದಿದ್ದರೆ ಅವನಿಗೆ ಸಂಕಟವಾಗುತ್ತದೆ. ಗುಮಾಸ್ತರು ಮನೆಗೆ ಹೋಗಿ ಒಂದು ಲೋಟ ಚಹಾ ಮಾಡಿಕೊಂಡು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಹೊರಗೆ ಹದಿನೈದು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಕ್ಯಾಲೆಂಡರಿನ ಹಾಳೆ ಹರಿದು ಮಾಡಿದ ಟೋಕನ್. ಮ್ಯಾನೇಜರು ಕುರ್ಚಿ ಹಾಕಿಕೊಂಡು ಕೂತಿದ್ದರು.

"ಮೊದಲನೇ ನಂಬರ್ ಹೋಗಬಹುದು," ಅಂದರು.

ಮೊದಲನೇ ನಂಬರು ಮೇಲಿನ ಮನೆಯ ಹೆಂಗಸು. "ಎತ್ತರ ಕಮ್ಮಿ ಇದ್ದೋರಿಗೆ ಏನು ಕೊಡ್ತಾರೆ?" ಎಂದು ಕೇಳಿದರು.

"ಏನೂ ಕೊಡಲ್ಲ ಅಮ್ಮ."

"ಬಸ್ಸಲ್ಲಿ ಮೇಲೆ ಹಿಡ್ಕೊಳ್ಳೋ ಕಂಬಿ ಇಳಿಸ್ತಾರಂತಲ್ಲ?"

"ನಂಗೆ ಗೊತ್ತಿಲ್ಲ."

"ಹೇಳೋ ಹಾಗಿಲ್ಲವೇನೋ. ಬರ್ಕೊಳ್ಳಿ," ಅಂದರು ಆಕೆ, ಅರ್ಥವಾದವರ ಹಾಗೆ.

ಕಂಬಿಯ ಮಾತು ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಬೇರೆ ರೂಪ ತಾಳಿತ್ತು. ಉದ್ದ ಇರುವವರಿಗೆ ಹೆಚ್ಚಿನ ತೆರಿಗೆ ಬೀಳುತ್ತದೆ, ಅವರು ಹೆಚ್ಚು ಜಾಗ ಬಳಸುತ್ತಾರಲ್ಲ, ಎಂದು ಇಸ್ತ್ರಿ ಅಂಗಡಿಯವನು ಹೇಳಿದ. ಇಲ್ಲ, ಕುಳ್ಳಗಿರುವವರನ್ನು ಪಟ್ಟಿಯಿಂದ ತೆಗೆಯುತ್ತಾರೆ ಎಂದು ಹಾಲಿನವನು ಹೇಳಿದ. ಯಾವ ಪಟ್ಟಿ ಎಂದು ಯಾರೂ ಕೇಳಲಿಲ್ಲ. ಪಟ್ಟಿ ಎಂದ ಮೇಲೆ ಅದರಲ್ಲಿರುವುದೇ ಕ್ಷೇಮ. ಹಾಗಾಗಿ ಇಸ್ತ್ರಿಯವನ ಮಾತು ನಂಬಿದವರು ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡೂ, ಹಾಲಿನವನ ಮಾತು ನಂಬಿದವರು ಮುಂಗಾಲ ಮೇಲೆ ಎದ್ದುಕೊಂಡೂ ಸಾಲಿನಲ್ಲಿ ಮುಂದೆ ಸರಿದರು. ದೂರದಿಂದ ನೋಡಿದರೆ ಎಲ್ಲರೂ ಒಂದೇ ಎತ್ತರ ಕಾಣುತ್ತಿದ್ದರು. ಗುಮಾಸ್ತರು ಬೇಡ ಎನ್ನಲಾರದೆ ಎಲ್ಲರನ್ನೂ ಅಳೆದರು, ಎಲ್ಲವನ್ನೂ ಬರೆದರು. ಕೈಯಲ್ಲಿ ನಂಬರ್ ಹಿಡಿದು ಎದುರಿಗೆ ನಿಂತವನನ್ನು ಬರೆದುಕೊಳ್ಳದೆ ಕಳಿಸುವುದು ಅವರ ಸರ್ವೀಸಿನಲ್ಲೇ ಇರಲಿಲ್ಲ.

ನಲವತ್ನಾಲ್ಕನೇ ನಂಬರಿಗೆ ಬಂದು ನಿಂತದ್ದು ಇಲಾಖೆಯ ಇನ್‌ಸ್ಪೆಕ್ಟರು. ಇಲಾಖೆ ಜನರನ್ನು ಅಳೆಯುತ್ತಿರುವ ಸುದ್ದಿ ಅವರಿಗೆ ತರಕಾರಿ ಅಂಗಡಿಯಲ್ಲಿ ಸಿಕ್ಕಿತ್ತು. ಅವರನ್ನೂ ಮ್ಯಾನೇಜರು ಟೋಕನ್ ಇಲ್ಲದೆ ಒಳಗೆ ಬಿಟ್ಟಿರಲಿಲ್ಲ.

"ಯಾವ ಕಲಮಿನ ಕೆಳಗೆ ಇದು?" ಎಂದು ಕೇಳಿದರು ಇನ್‌ಸ್ಪೆಕ್ಟರು.

"ಸ್ವಂತಕ್ಕೆ ಸರ್."

"ಸ್ವಂತಕ್ಕೆ ಅಂತ ಕಲಮಿಲ್ಲ." ಅವರು ಸಾಲಿನ ಕಡೆ ತಿರುಗಿದರು. "ನಮ್ಮ ಅಧಿಕಾರ ಇರೋದು ಉದ್ದದ ಲೆಕ್ಕದಲ್ಲಿ ಮಾರೋ ಸರಕಿನ ಮೇಲೆ. ಬಟ್ಟೆ, ತಂತಿ, ಹಗ್ಗ. ಇಲ್ಲಿ ಯಾರು ಮಾರಾಟಕ್ಕಿದೀರಿ?"

ಒಬ್ಬ ಗಂಡಸು ತನ್ನ ಹೆಂಡತಿಯ ಮುಖ ನೋಡಿದ.

"ಯಾರೂ ಇಲ್ಲ ಅಂದ ಮೇಲೆ ಇದು ಅಕ್ರಮ ಅಳತೆ. ಸೋಮವಾರ ನೀವು ವಿವರಣೆ ಕೊಡಬೇಕು, ಮೂರು ಪ್ರತಿ. ವಿವರಣೆ ಕೇಳಿ ನಾನು ನಿಮಗೊಂದು ನೋಟೀಸ್ ಕಳಿಸಬೇಕು. ಅದನ್ನೂ ನೀವೇ ಬರೆದು ತಂದಿಡಿ, ಸಹಿ ಹಾಕ್ತೀನಿ."

"ಆಯ್ತು ಸರ್."

ಮ್ಯಾನೇಜರು ಕುರ್ಚಿ ಮಡಚಿದರು. ಸಾಲು ಕರಗಿತು, ಮೊಣಕಾಲುಗಳು ನೆಟ್ಟಗಾದವು, ಹಿಮ್ಮಡಿಗಳು ನೆಲಕ್ಕೆ ಬಂದವು. ಇನ್‌ಸ್ಪೆಕ್ಟರು ಟೇಪಿಗೆ ಕೈ ಚಾಚಿದವರು, ಎಲ್ಲರೂ ಹೋದದ್ದನ್ನು ಖಚಿತಪಡಿಸಿಕೊಂಡು, ಟೋಪಿ ತೆಗೆದು ಚೌಕಟ್ಟಿಗೆ ಒರಗಿ ನಿಂತರು.

"ನಂದೂ ಒಂದು ನೋಡ್ಬಿಡಿ," ಅಂದರು.

"ಐದು ಐದು, ಸರ್."

"ಸರ್ವೀಸ್ ಪುಸ್ತಕದಲ್ಲಿ ಐದು ಏಳು ಇದೆ."

"ಐದು ಏಳು, ಸರ್."

"ಅಳತೆ ಅಂದ್ರೆ ಹೀಗಿರಬೇಕು," ಎಂದು ಇನ್‌ಸ್ಪೆಕ್ಟರು ಟೇಪು ಜೇಬಿಗೆ ಹಾಕಿಕೊಂಡು ಹೋದರು.

ಆ ಸಂಜೆ ಗುಮಾಸ್ತರು ಸ್ಕೂಲಿನ ಸ್ಕೇಲು ಹಿಡಿದು ಗೆರೆ ಎಳೆಯಲು ಕೂತರು. ಸತ್ಯಕ್ಕೂ ಭಾವಂದಿರಿಗೂ ನಡುವೆ ಒಂದು ಜಾಗ ಹುಡುಕಿ ಪ್ರತಿಯೊಬ್ಬರನ್ನೂ ಅಲ್ಲಿ ಕೂರಿಸಿದರು. ದೊಡ್ಡ ಭಾವ ಚಿಕ್ಕ ಭಾವನಿಗಿಂತ ಒಂದು ಗೆರೆ ಮೇಲೆ, ಮುಂದಿನ ವರ್ಷ ಚಿಕ್ಕ ಭಾವ ಒಂದು ಗೆರೆ ಮೇಲೆ, ಎಲ್ಲರ ಮೇಲೆ ನಾದಿನಿ. ಹಳೆಯದಾಗಿ ಕಾಣಲೆಂದು ಚಹಾದ ನೀರಿನಲ್ಲಿ ಬಟ್ಟೆ ಅದ್ದಿ ಒತ್ತಿದರು. ಹೆಂಡತಿಯನ್ನು ಮಾತ್ರ ಅವರು ಏನೂ ಕೇಳಿರಲಿಲ್ಲ. ಕೇಳಿದರೆ ಯಾಕೆ ಎನ್ನುತ್ತಿದ್ದರು. ಆದ್ದರಿಂದ ಆಕೆಯ ವಿಷಯದಲ್ಲಿ ಪೂರ್ತಿ ಸತ್ಯಕ್ಕೆ ಅಂಟಿಕೊಂಡು, ಮ್ಯಾನೇಜರ ಮೊಮ್ಮಗಳ ಲೆಕ್ಕದಂತೆ ಹತ್ತನೇ ವರ್ಷಕ್ಕೆ ನಾಲ್ಕು ನಾಲ್ಕು ಎಂದು ಬರೆದರು. ಇಡೀ ಬಾಗಿಲಿನಲ್ಲಿ ಇದ್ದ ಒಂದೇ ಒಂದು ಪ್ರಾಮಾಣಿಕ ಗೆರೆ ಅದು. ಅದು ಎಲ್ಲಕ್ಕಿಂತ ಕೆಳಗಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಮನೆ ತುಂಬಿತು. ಹೆಂಡತಿ ಬಂದು ಚೀಲ ಇಳಿಸುವ ಮೊದಲೇ ನಾದಿನಿ ಅತ್ತೆಯ ಕೈ ಹಿಡಿದು ಒಳಗೆ ಬಂದಳು. ಹಿಂದೆಯೇ ದೊಡ್ಡ ಭಾವ, ಅವರ ಹಿಂದೆ ಚಿಕ್ಕ ಭಾವ; ತಮ್ಮ ತಮ್ಮ ಗೆರೆಗೆ ಅನ್ಯಾಯವಾಗಬಾರದೆಂದು ಇಬ್ಬರೂ ಅಂಗಡಿ ಬಿಟ್ಟು ಬಂದಿದ್ದರು. ಎದುರುಮನೆಯ ಬಾಗಿಲಿನಲ್ಲಿ ಮ್ಯಾನೇಜರು ಪೇಪರ್ ಓದುತ್ತ ನಿಂತಿದ್ದರು. ಪೇಪರು ತಲೆಕೆಳಗಾಗಿತ್ತು.

ಅತ್ತೆ ಬೀರುವಿನ ಮುಂದೆ ನಿಂತು ಕಪ್ಪು ಕನ್ನಡಕ ತೆಗೆದರು. ಹೊರಮೈಯನ್ನು ನಿಧಾನವಾಗಿ ನೋಡಿದರು. "ಮರಕ್ಕೆ ಈ ಬಣ್ಣ ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ," ಅಂದರು. ಆಮೇಲೆ ಬಾಗಿಲು ತೆಗೆದರು.

ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗೆರೆ ನೋಡಿದರು. ಭಾವಂದಿರಿಬ್ಬರೂ ಮೇಲಿನಿಂದ ಕೆಳಕ್ಕೆ ನೋಡಿದರು. ಗುಮಾಸ್ತರು ಬಾಗಿಲಿನ ತಿರುಗಣಿಯನ್ನು ನೋಡಿದರು.

"ಇದು ನನ್ನ ಅಕ್ಷರ ಅಲ್ಲ," ಅಂದರು ಅತ್ತೆ.

ಅತ್ತೆ ಒಂದು ಅಂಕಿಯ ಮೇಲೆ ಬೆರಳಿಟ್ಟರು.

"ನಾನು ಎಂಟನ್ನ ಕೆಳಗಿಂದ ಮೇಲಕ್ಕೆ ಬರೀತೀನಿ, ಬಾಲ ಹೊರಗೆ ಉಳಿಯುತ್ತೆ. ಇದು ಆಫೀಸಿನ ಎಂಟು."

"ಉಜ್ಜುವಾಗ ಹೋಯ್ತು ಅತ್ತೆ," ಅಂದರು ಗುಮಾಸ್ತರು. ಧ್ವನಿ ಬೀರುವಿನ ಒಳಗಿಂದ ಬಂದ ಹಾಗಿತ್ತು. "ಬಡಗಿ ಗುರುತು ಅಂದ್ಕೊಂಡೆ. ಆಮೇಲೆ ಇವರನ್ನೆಲ್ಲ ಕೇಳಿ ನಾನೇ ಬರೆದೆ. ತಪ್ಪಾಯ್ತು."

"ನನ್ನನ್ನ ಕೇಳ್ಲಿಲ್ಲ," ಅಂದರು ಹೆಂಡತಿ. ಅವರು ಬಾಗಿಲಿನ ಕೆಳಭಾಗದಲ್ಲಿ ತಮ್ಮ ಗೆರೆಯನ್ನು ಪತ್ತೆಹಚ್ಚಿದ್ದರು. "ಕೇಳದೇ ಇದ್ದಿದ್ದಕ್ಕೇ ಇಲ್ಲಿದೀನಾ ನಾನು?"

"ಮೊದಲು ಇವನದನ್ನ ಅಳಿಸಿ," ಅಂದರು ದೊಡ್ಡ ಭಾವ. "ಹನ್ನೊಂದನೇ ವರ್ಷಕ್ಕೆ ಇವನು ನನಗಿಂತ ಮೇಲಾ? ಅಮ್ಮ, ನೀನೇ ಹೇಳು. ನೀನೇ ಬರೆದಿದ್ದಲ್ವಾ."

"ಹೇಳಮ್ಮ, ಹೇಳು," ಅಂದರು ಚಿಕ್ಕ ಭಾವ. "ಅಮ್ಮ ಬರೆದಿದ್ದು ಸುಳ್ಳಾಗಲ್ಲ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಕೈಚೀಲದ ಒಳಗಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದರು. ಬಿಡಿಸಿದಾಗ ಅದು ಹೊಸ ಸ್ಯಾಂಡ್ ಪೇಪರ್ ಎಂದು ಗುಮಾಸ್ತರು ಮೊದಲು ಗುರುತಿಸಿದರು.

"ಕಣ್ಣು ಕಾಣದೆ ಎರಡು ವರ್ಷ ಕೂತಿದ್ದೆ. ನೀವಿಬ್ಬರು ಬಂದಾಗೆಲ್ಲ ಇದೇ ಮಾತು. ಬಾಗಿಲು ನೋಡು, ಅಮ್ಮ ಬರೆದಿದಾಳೆ, ಅಮ್ಮನೇ ಸಾಕ್ಷಿ. ತಲೆ ನರೆತು ಹೋಯ್ತು, ಇನ್ನೂ ಅದೇ. ಕಣ್ಣು ಬಂದ್ರೆ ಮೊದಲು ಹೋಗಿ ಇದನ್ನ ಉಜ್ಜಿ ಹಾಕ್ತೀನಿ ಅಂದ್ಕೊಂಡಿದ್ದೆ. ಅದಕ್ಕೇ ಬಂದಿದ್ದು." ಕಾಗದವನ್ನು ಮಡಿಲ ಮೇಲಿಟ್ಟು ಹೇಳಿದರು, "ನಾನು ಬರೆದಿದ್ದು ಸುಳ್ಳೇ."

ದೊಡ್ಡ ಭಾವ ಕೇಳಿದರು, "ಎಷ್ಟು ಸುಳ್ಳು?"

"ಚಿಕ್ಕವನು ಅಣ್ಣನಿಗಿಂತ ಕುಳ್ಳ ಅಂತ ಒಂದು ಹುಟ್ಟಿದ ದಿನ ಇಡೀ ಅತ್ತ. ಅವನ ಕಾಲ ಕೆಳಗೆ ಒಂದು ಪುಸ್ತಕ ಇಟ್ಟು ಗೆರೆ ಎಳೆದೆ. ಮಾರನೇ ವರ್ಷ ನೀನು ಊಟ ಬಿಟ್ಟೆ. ನಿನ್ನ ಕಾಲ ಕೆಳಗೆ ಎರಡು ಪುಸ್ತಕ. ಆಮೇಲೆ ಹೆಣ್ಣುಮಕ್ಕಳು ಶುರುಮಾಡಿದ್ರು. ಕೊನೆಗೆ ನಿಮ್ಮಪ್ಪ ಒಂದಿನ ಬಾಗಿಲು ತೆಗೆದು ನೋಡಿ, ನಮ್ಮನೇಲಿ ನನಗಿಂತ ಉದ್ದದೋರು ನಾಲ್ಕು ಜನ ಬಾಡಿಗೆಗೆ ಇದಾರಾ ಅಂತ ಕೇಳಿದ್ರು."

ಭಾವಂದಿರು ಒಬ್ಬರನ್ನೊಬ್ಬರು ನೋಡಿದರು. ಪುಸ್ತಕದ ಸಂಗತಿ ಇಬ್ಬರಿಗೂ ಹೊಸದಾಗಿರಲಿಲ್ಲ. ಅದರ ಮೇಲೆ ನಿಂತವರೇ ತಾವು. ಆದರೆ ಯಾರಿಗೂ ಹೇಳಬೇಡ ಎಂದು ತಾಯಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದರಿಂದ, ತನಗೊಬ್ಬನಿಗೇ ಅಮ್ಮ ಹೀಗೆ ಮಾಡಿದ್ದಾಳೆಂದು ಪ್ರತಿಯೊಬ್ಬರೂ ನಲವತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದರು.

"ನಿನಗೂನಾ?" ಅಂದರು ಚಿಕ್ಕ ಭಾವ.

"ಹೂಂ," ಅಂದರು ದೊಡ್ಡ ಭಾವ. "ಎರಡು."

"ನಂಗೆ ಅಟ್ಲಾಸ್ ಇಡ್ತಿದ್ರು," ಅಂದಳು ನಾದಿನಿ. ಹೆಂಡತಿಯ ಮುಖವೂ ಸ್ವಲ್ಪ ಕೆಂಪಾಗಿತ್ತು.

ಅತ್ತೆ ಗುಮಾಸ್ತರ ಕಡೆ ತಿರುಗಿದರು. "ನೀವು ಬರೆದಿರೋದು ಸರಿಯಾಗೇ ಇದೆ. ಒಂದೆರಡು ಗೆರೆ ಬಿಟ್ರೆ ಮುಂಚೆ ಹೇಗಿತ್ತೋ ಹಾಗೇ ಇದೆ. ಅದೇ ಕಷ್ಟ ಆಗಿರೋದು. ಅಳಿಸಿದ್ರಲ್ಲ, ಅಳಿಸಿ ಸುಮ್ಮನೆ ಇರಬಾರದಿತ್ತಾ?" ಎಂದು ಸ್ಯಾಂಡ್ ಪೇಪರ್ ಚಾಚಿದರು.

ಗುಮಾಸ್ತರು ಅದನ್ನು ತೆಗೆದುಕೊಂಡು ಬೆರಳಿನಲ್ಲಿ ಸವರಿ ನೋಡಿದರು. "ಇದು ತುಂಬ ಒರಟು ಅತ್ತೆ. ಗೀರು ಬೀಳುತ್ತೆ. ನನ್ನ ಹತ್ರ ನಯದ್ದಿದೆ."

ಎಲ್ಲರೂ ಸೇರಿ ಉಜ್ಜಿದರು. ಮೇಲಿನದು ದೊಡ್ಡ ಭಾವ, ನಡುವಿನದು ಚಿಕ್ಕ ಭಾವ. ಹೆಂಡತಿ ಕೂತುಕೊಂಡು ಕೆಳಗಿನದನ್ನು ತುಸು ಹೆಚ್ಚೇ ಉತ್ಸಾಹದಿಂದ. ಹತ್ತು ನಿಮಿಷದಲ್ಲಿ ಬಾಗಿಲು ಖಾಲಿಯಾಯಿತು. ಅಣ್ಣತಮ್ಮಂದಿರು ಬಾಗಿಲ ಎರಡು ಕಡೆ ನಿಂತು ಅದನ್ನು ನೋಡುತ್ತಿದ್ದರು. ಜಗಳವಾಡಲು ಏನೂ ಇಲ್ಲದೆ ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಪೂರ್ತಿ ಖಾಲಿ ಚೆನ್ನಾಗಿ ಕಾಣಲ್ಲ," ಅಂದರು ಅತ್ತೆ. "ಅಳಿಯಂದಿರೇ, ನೀವು ನಿಲ್ಲಿ."

"ನಾನಾ?"

"ಬೀರು ಈಗ ನಿಮ್ಮನೇದು. ಇಷ್ಟು ಕೆಲಸ ಮಾಡಿರೋರೂ ನೀವೇ. ಚಪ್ಪಲಿ ಬಿಡಿ."

ಗುಮಾಸ್ತರು ಚಪ್ಪಲಿ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು, ಎದೆ ಉಬ್ಬಿಸಿ ನಿಂತರು. ಚಿಕ್ಕ ಭಾವ ಕತ್ತಿನ ಟೇಪು ತೆಗೆದು ಹಿಡಿದರು.

"ಐದು ನಾಲ್ಕೂವರೆ," ಅಂದರು.

ಹೆಂಡತಿ ಕೇಳಿದರು, "ಮದುವೆಗೆ ಮುಂಚೆ ನೀವು ನಂಗೆ ಬರೆದ ಕಾಗದದಲ್ಲಿ ಐದು ಏಳು ಅಂತ ಇತ್ತಲ್ಲ?"

"ಆಗ ಇದ್ದೆ," ಅಂದರು ಗುಮಾಸ್ತರು.

"ಆ ಕಾಗದ ಇನ್ನೂ ಇದೆ ನನ್ನ ಹತ್ರ."

"ಇನ್ನೊಂದ್ಸಲ ನೋಡ್ಲಾ?" ಎಂದು ಚಿಕ್ಕ ಭಾವ ಟೇಪನ್ನು ಝಾಡಿಸಿದರು. ಎದುರುಮನೆಯ ಬಾಗಿಲಿನಲ್ಲಿ ಪೇಪರು ಸ್ವಲ್ಪ ಕೆಳಗಿಳಿಯಿತು. ಗುಮಾಸ್ತರು ಬಾಗಿಲಿಗೆ ಒರಗಿಯೇ ನಿಂತಿದ್ದರು. ಉಸಿರು ಬಿಟ್ಟರೆ ಇರುವುದೂ ಕಮ್ಮಿಯಾದೀತೆಂದು ಬಿಟ್ಟಿರಲಿಲ್ಲ.

ಅತ್ತೆ ಮಗಳ ಕಡೆ ನೋಡಲಿಲ್ಲ. ಟೇಪಿನ ಕಡೆಯೂ ನೋಡಲಿಲ್ಲ. ಕುರ್ಚಿಯಿಂದ ಎದ್ದು ಕಪಾಟಿಗೆ ಹೋಗಿ, ಎರಡು ವರ್ಷದ ಮೇಲೆ ಬಂದ ಕಣ್ಣಿನಿಂದ ಪುಸ್ತಕಗಳ ಬೆನ್ನು ಒಂದೊಂದಾಗಿ ನೋಡಿ, ದಪ್ಪನೆಯ ಎರಡನ್ನು ಆರಿಸಿ ತಂದು, ಅಳಿಯನ ಕಾಲ ಹತ್ತಿರ ಒಂದರ ಮೇಲೊಂದು ಇಟ್ಟರು.

"ಯಾರಿಗೂ ಹೇಳಬೇಡಿ," ಅಂದರು, ಅಷ್ಟು ಜನರ ಎದುರಿಗೆ.

ಗುಮಾಸ್ತರು ಹತ್ತಿ ನಿಂತರು. ಅತ್ತೆ ಅವರ ತಲೆಯ ಮೇಲೆ ಸ್ಕೇಲು ಮಟ್ಟಸವಾಗಿ ಇಟ್ಟು, ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಐದು ಏಳು ಎಂದು ಬರೆದು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

"ಹೂಂ, ಇಳೀರಿ," ಅಂದರು. "ಮುಂದಿನ ವರ್ಷ ಮತ್ತೆ ನೋಡೋಣ."